ಆ ದಶಕದ ಋಣ ನಮ್ಮ ಮನೆಗಳ ಮೇಲೂ ಇದೆ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ 1960ರ ದಶಕದ ಬಗ್ಗೆ ಬಂದ ಲೇಖನ ಓದಿದೆ. ಕೆನಡಿ ಹತ್ಯೆ, ವಿಯೆಟ್ನಾಂ ಯುದ್ಧ, ಹಿಪ್ಪಿಗಳ ಉದ್ದ ಕೂದಲು, ಗಾಂಜಾ, ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಎಲ್ಲವೂ ಅದರಲ್ಲಿತ್ತು. ಕಪ್ಪು ಜನರ ಹೋರಾಟಕ್ಕೆ ಮಾತ್ರ ಸಿಕ್ಕಿದ್ದು ಎರಡೇ ಸಾಲು. 1965ರ ವಲಸೆ ಕಾಯ್ದೆಯ ಹೆಸರೇ ಇರಲಿಲ್ಲ. ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇವತ್ತು ಅಮೆರಿಕದಲ್ಲಿದ್ದಾರೆ. ಆ ಮನೆಯವರು ಮೊದಲು ತಿಳಿಯಬೇಕಾದದ್ದನ್ನೇ ಲೇಖನ ಬಿಟ್ಟುಬಿಟ್ಟಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಸುಮ್ಮನಿರಲು ಆಗಲಿಲ್ಲ.

1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಆ ದೇಶದ ಸೈನ್ಯದಲ್ಲೇ ಇದ್ದವರು ಅವರು. ಆದರೂ ‘ಬಿಳಿಯರಲ್ಲ’ ಎಂಬ ಕಾರಣಕ್ಕೆ ಪೌರತ್ವಕ್ಕೆ ಅರ್ಹರಲ್ಲ ಎಂದು ಕೋರ್ಟು ಹೇಳಿತು. ಮರುವರ್ಷ ಬಂದ ಕಾಯ್ದೆ ಏಷ್ಯಾದವರಿಗೆ ಬಾಗಿಲು ಹಾಕಿತು. 1946ರಲ್ಲಿ ಸ್ವಲ್ಪ ಸಡಿಲಿಸಿದರು, ಭಾರತಕ್ಕೆ ವರ್ಷಕ್ಕೆ 100 ಜನ. ಇಡೀ ದೇಶದಿಂದ ಒಂದು ವರ್ಷಕ್ಕೆ ನಮ್ಮ ಗಂಗಾವತಿ ಡಿಪೋದ ಎರಡು ಬಸ್ಸು ತುಂಬುವಷ್ಟು ಮಂದಿ! 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ಕಾಯ್ದೆಗೆ ಸಹಿ ಹಾಕಿದ ಮೇಲೆ ಹುಟ್ಟಿದ ದೇಶ ನೋಡಿ ಕೊಡುತ್ತಿದ್ದ ಆ ಹಳೆಯ ಕೋಟಾ ಹೋಯಿತು. ಒಂದು ದೇಶದಿಂದ ವರ್ಷಕ್ಕೆ 20,000 ಜನರವರೆಗೆ ಹೋಗಬಹುದು ಎಂದಾಯಿತು. ಇವತ್ತು ಗ್ರೀನ್ ಕಾರ್ಡಿನ (ಅಲ್ಲೇ ಕಾಯಂ ನೆಲೆಸುವ ಪರವಾನಗಿಯ) ಸರದಿ ಎಷ್ಟು ಉದ್ದವಿದೆ ಎಂಬ ಗೋಳು ನನ್ನ ಮಗಳ ಮನೆಯಲ್ಲೂ ಇದೆ. ಆದರೆ ಸರದಿಯಲ್ಲಿ ನಿಲ್ಲಲು ಬಿಟ್ಟದ್ದೇ ಆ ಕಾಯ್ದೆ.

ಅದು ತಾನಾಗಿಯೇ ಬರಲಿಲ್ಲ. ಹೋಟೆಲು, ಕೆಲಸಗಳಲ್ಲಿ ಬಣ್ಣ ನೋಡಬಾರದು ಎಂಬ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರ ಜುಲೈ 2ರಂದು. ಕಪ್ಪು ಜನರ ಮತದಾನದ ಹಕ್ಕನ್ನು ಗಟ್ಟಿ ಮಾಡಿದ ಕಾಯ್ದೆ 1965ರ ಆಗಸ್ಟ್ 6ರದು. ಮತದಾನದ ಕಾಯ್ದೆಗೆ ಒಪ್ಪಿಗೆ ಕೊಟ್ಟ ಅದೇ ಸಂಸತ್ತು ಎರಡು ತಿಂಗಳೊಳಗೆ ವಲಸೆ ಕಾಯ್ದೆಯನ್ನೂ ಒಪ್ಪಿತು. ಮನೆಯೊಳಗೆ ಬಣ್ಣ ನೋಡಬಾರದು ಅಂದ ಮೇಲೆ ಬಾಗಿಲಲ್ಲಿ ನಿಂತವರ ಬಣ್ಣ, ಕುಲ ಕೇಳಲು ಯಾವ ಬಾಯಿ ಉಳಿದಿತ್ತು? ನಮ್ಮ ಮಕ್ಕಳು ಹೋದ ದಾರಿಯನ್ನು ಸವೆಸಿದವರು ಲಾಠಿ ಏಟು ತಿಂದ, ಜೈಲಿಗೆ ಹೋದ ಕಪ್ಪು ಜನ.

ಮಗಳ ಬಾಣಂತನಕ್ಕೆಂದು ನಾರ್ತ್ ಕ್ಯಾರೊಲೈನಾಕ್ಕೆ ಹೋಗಿದ್ದಾಗ ಒಂದು ರವಿವಾರ ಅಳಿಯಂದಿರು ಗ್ರೀನ್ಸ್‌ಬರೊ ಊರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ವೂಲ್‌ವರ್ತ್ ಎಂಬ ದೊಡ್ಡ ಅಂಗಡಿ ಇದ್ದ ಕಟ್ಟಡ ಈಗ ಮ್ಯೂಸಿಯಂ. ಊಟದ ಆ ಉದ್ದನೆಯ ಕಟ್ಟೆ, ಅದರ ಮುಂದೆ ಸಾಲು ಕುರ್ಚಿ, ಇದ್ದ ಜಾಗದಲ್ಲೇ ಇವೆ. 1960ರ ಫೆಬ್ರವರಿ 1ರ ಸಂಜೆ ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್ ಎಂಬ ನಾಲ್ವರು ಹುಡುಗರು ಅಲ್ಲಿಗೆ ಬಂದರು. ಕಾಲೇಜಿನ ಮೊದಲ ವರ್ಷದವರು. ಮೊದಲು ಅದೇ ಅಂಗಡಿಯಲ್ಲಿ ಟೂತ್‌ಪೇಸ್ಟು ಅದು ಇದು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಬಿಳಿಯರಿಗಷ್ಟೇ ಎಂದಿದ್ದ ಕಟ್ಟೆಗೆ ಬಂದು ಕೂತು ಕಾಫಿ ಕೇಳಿದರು. ಕೊಡುವುದಿಲ್ಲ ಅಂದರು. ಆ ಗಲ್ಲೆಯಲ್ಲಿ ನಮ್ಮ ದುಡ್ಡು ನಡೆಯುತ್ತದೆ, ಇಲ್ಲಿ ಯಾಕೆ ನಡೆಯುವುದಿಲ್ಲ ಎಂದು ಕೇಳಿ, ಅಂಗಡಿ ಮುಚ್ಚುವ ತನಕ ಕೂತೇ ಇದ್ದರು. ಮರುದಿನ ಇನ್ನಷ್ಟು ಜನ ಪುಸ್ತಕ ಹಿಡಿದು ಬಂದು ಓದುತ್ತಾ ಕೂತರು. ವಾರದೊಳಗೆ ಅದು ನೂರಾರು ಆಯಿತು, ಬೇರೆ ಊರುಗಳಿಗೂ ಹಬ್ಬಿತು. ಜುಲೈ 25ರಂದು ಅಂಗಡಿಯವರು ಮಣಿದರು. ಆ ಕಟ್ಟೆಯಲ್ಲಿ ಮೊದಲು ಊಟ ಬಡಿಸಿಕೊಂಡ ಕಪ್ಪು ಜನ ಯಾರು ಗೊತ್ತೇ? ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ನೌಕರರು. ಬಿಳಿಯರಿಗೆ ದಿನಾ ಅಡುಗೆ ಮಾಡಿ ಬಡಿಸಿಯೂ ಅಲ್ಲಿ ಕೂತು ಉಣ್ಣಲಾಗದಿದ್ದವರು.

ಈ ಹೋರಾಟಕ್ಕೆ ನಮ್ಮ ನೆಲದ ನಂಟೂ ಇದೆ. ಜೇಮ್ಸ್ ಲಾಸನ್ ಎಂಬ ಕಪ್ಪು ಪಾದ್ರಿ 1950ರ ದಶಕದಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ಮರಳಿ ಹೋಗಿ ನ್ಯಾಶ್‌ವಿಲ್ ಊರಿನ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಒಬ್ಬರು ಬೈಯುವುದು, ಕುರ್ಚಿಯಿಂದ ಎಳೆದು ಬೀಳಿಸುವುದು, ಇನ್ನೊಬ್ಬರು ಕೈ ಎತ್ತದೆ ತಡೆದುಕೊಳ್ಳುವುದು, ಹೀಗೆ ಮೊದಲೇ ರೂಢಿ ಮಾಡಿಸಿದರು. ಇದಕ್ಕಾಗಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅವರನ್ನು ಹೊರಗೆ ಹಾಕಿತು. 1960ರ ಮೇ ತಿಂಗಳಲ್ಲೇ ನ್ಯಾಶ್‌ವಿಲ್ ಅಂಗಡಿಗಳ ಊಟದ ಕಟ್ಟೆಗಳು ಎಲ್ಲರಿಗೂ ತೆರೆದವು. ಇಂಥದ್ದನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು ಕೇಳದೆ ಕೇಳಿಸಿಕೊಳ್ಳುತ್ತಾರೆ, ಇದು ನನ್ನ ಅನುಭವ.

ಆಸ್ಪತ್ರೆಯ ಮಾತೂ ಹೇಳಬೇಕು. ಗ್ರೀನ್ಸ್‌ಬರೊದ ದೊಡ್ಡ ಆಸ್ಪತ್ರೆಗಳು ಕಪ್ಪು ವೈದ್ಯರನ್ನು ದೂರ ಇಟ್ಟಿದ್ದವು. ಜಾರ್ಜ್ ಸಿಮ್ಕಿನ್ಸ್ ಎಂಬ ದಂತವೈದ್ಯರು ಜೊತೆಯವರೊಂದಿಗೆ 1962ರಲ್ಲಿ ಕೇಸು ಹಾಕಿ, ಮರುವರ್ಷ ಮೇಲ್ಮನವಿಯಲ್ಲಿ ಗೆದ್ದರು. ನಮ್ಮ ಬಳ್ಳಾರಿಯ ಮೆಡಿಕಲ್ ಕಾಲೇಜು ಶುರುವಾದದ್ದು 1961ರಲ್ಲಿ. ಅಲ್ಲಿ ಓದಿ ಅಮೆರಿಕ ಸೇರಿದ ಡಾಕ್ಟರುಗಳ ಹೆಸರು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಆ ದೇಶದ ಆಸ್ಪತ್ರೆಗಳಲ್ಲಿ ಬಿಳಿಯರಲ್ಲದ ವೈದ್ಯರು ತಲೆಯೆತ್ತಿ ಓಡಾಡುವಂತೆ ಮಾಡಿದ್ದು ಸಿಮ್ಕಿನ್ಸ್‌ರಂಥವರು.

ಇಷ್ಟೆಲ್ಲ ಇದ್ದು ಅಲ್ಲಿ ನಮ್ಮವರ ಮಾತು ಹೇಗಿದೆ? ಸಂಜೆ ಪಾರ್ಕಿನಲ್ಲಿ ಸೇರುವ ತಂದೆತಾಯಿಗಳ ಬಾಯಲ್ಲಿ, ‘ಆ ಕಡೆ ಕರಿಯರು ಅದಾರ್ರಿ, ಹೋಗಬ್ಯಾಡ್ರಿ’, ‘ಮಗ ಮನಿ ತಗೊಂಡಾನ, ಆ ಮಂದಿ ಇಲ್ಲದ ಕಡೆ ನೋಡೇ ತಗೊಂಡಾನ’. ಊರಿಗೆ ಬಂದು ಬೀಗರ ಮನೆಯ ಊಟದಲ್ಲೂ ಅದೇ ಮಾತು. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಲ್ಲಿ ಕಟ್ಟಿಕೊಂಡ ಗಂಟನ್ನೇ ನಾವು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೇವೆ. ಅಂಗಡಿ, ಹೋಟೆಲು, ಬಾವಿ, ಕೆರೆಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದು ಎಂದು ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು, ಅಮೆರಿಕಕ್ಕಿಂತ 14 ವರ್ಷ ಮೊದಲು. ಆದರೂ ನಮ್ಮದೇ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲಿಗೆ, ಕ್ಷೌರದಂಗಡಿಗೆ ಬಿಡದಿರುವುದೂ ಆ ಜಗಳದಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇವೆ. ಗ್ರೀನ್ಸ್‌ಬರೊ ನಮಗೆ ದೂರದ ಊರಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ಮುಂದಿನ ಪುರವಣಿಯಲ್ಲಿ 1964 ಮತ್ತು 1965ರ ಈ ಕಾಯ್ದೆಗಳ ಬಗ್ಗೆ ತಿಳಿದವರಿಂದ ಪೂರ್ತಿಯಾಗಿ ಬರೆಸಿ, ಆ ನಾಲ್ವರು ಹುಡುಗರ ಚಿತ್ರ ಹಾಕಿ. ವೀಸಾ ಸಂದರ್ಶನಕ್ಕೆ ತಯಾರಾಗುತ್ತಿರುವ ಹುಡುಗ ಹುಡುಗಿಯರು, ಬಾಣಂತನಕ್ಕೆ ಹೊರಟು ನಿಂತ ತಾಯಂದಿರು ವಿಮಾನ ಹತ್ತುವ ಮೊದಲು ಓದಲಿ.

– ನಿವೃತ್ತ ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ