ಸದಸ್ಯರ ಗಮನಕ್ಕೆ: ರಷ್ಯಾದ ತ್ಸಾರ್ (ಚಕ್ರವರ್ತಿ) ಎರಡನೇ ನಿಕೊಲಾಸ್ 1905ರಲ್ಲೇ ಪಟ್ಟ ಬಿಟ್ಟಿದ್ದರೆ?

ಈ ಕಲ್ಪಿತ ಇತಿಹಾಸ ಬರೆಯುವವರು ಮೊದಲು ತಾರೀಖು ಸರಿಪಡಿಸಿಕೊಳ್ಳಿ. ಆಗ ರಷ್ಯಾದಲ್ಲಿದ್ದದ್ದು ಜೂಲಿಯನ್ ಕ್ಯಾಲೆಂಡರ್, 13 ದಿನ ಕೂಡಿಸಬೇಕು. ಪ್ರಜೆಗಳಿಗೆ ಹಕ್ಕು, ಶಾಸನಸಭೆ ಕೊಡುವುದಾಗಿ ನಿಕೊಲಾಸ್ ಹೊರಡಿಸಿದ ಅಕ್ಟೋಬರ್ 17ರ ಘೋಷಣಾಪತ್ರ ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 30. ಎರಡನ್ನೂ ಬೆರೆಸಿದರೆ ಘಟನೆಗಳ ಕ್ರಮವೇ ತಲೆಕೆಳಗು.

ಹೆಚ್ಚಿನ ಬರಹಗಳು ಎಡವುವುದು ಉತ್ತರಾಧಿಕಾರದಲ್ಲಿ. ನಿಕೊಲಾಸ್‌ನ ತಮ್ಮ ಮಿಖಾಯಿಲ್‌ನನ್ನು ನೇರವಾಗಿ ತ್ಸಾರ್ ಮಾಡಿಬಿಡುತ್ತಾರೆ. ಆದರೆ 1904ರ ಆಗಸ್ಟ್‌ನಲ್ಲೇ ಮಗ ಅಲೆಕ್ಸಿ ಹುಟ್ಟಿಯಾಗಿತ್ತು. ಪಾವೆಲ್ ದೊರೆಯ 1797ರ ಉತ್ತರಾಧಿಕಾರ ಕಾಯ್ದೆಯಂತೆ ಪಟ್ಟ ಅವನದು. ಕೂಸಿಗೆ ಆಗಿನ್ನೂ 14 ತಿಂಗಳು. ಪ್ರಾಯಕ್ಕೆ ಬರುವುದು 16 ತುಂಬಿದಾಗ, ಅಂದರೆ 1920ರಲ್ಲಿ. ಅಲ್ಲಿಯವರೆಗೆ ರಾಜಪ್ರತಿನಿಧಿ ಬೇಕು. ತಾನು ಸತ್ತರೆ ಆ ಹೊಣೆ ಮಿಖಾಯಿಲ್‌ಗೆ ಎಂದು ನಿಕೊಲಾಸ್ 1904ರಲ್ಲೇ ಘೋಷಿಸಿದ್ದ. ಬದುಕಿದ್ದೇ ಪಟ್ಟ ಬಿಟ್ಟರೆ? ಈ ತಕರಾರನ್ನೇ ಕಥೆಯ ಗಂಟು ಮಾಡಿ, ಇಷ್ಟು ಒಳ್ಳೆಯ ಬಿಕ್ಕಟ್ಟು ಬೇರೆ ಸಿಗದು. ಮಗನ ಹಕ್ಕನ್ನೂ ತಂದೆಯೇ ಬಿಟ್ಟುಕೊಡಲು ಕಾಯ್ದೆಯಲ್ಲಿ ದಾರಿಯಿರಲಿಲ್ಲ. ಆದರೂ 1917ರಲ್ಲಿ ಪ್ಸ್ಕೋವ್ ಪಟ್ಟಣದಲ್ಲಿ ಪಟ್ಟ ಬಿಡುವಾಗ ನಿಕೊಲಾಸ್ ಮಾಡಿದ್ದು ಅದನ್ನೇ.

ಮಿಖಾಯಿಲ್‌ನ ಮದುವೆಯ ಗದ್ದಲ 1912ರದು, ಇಲ್ಲಿ ಎಳೆತರಬೇಡಿ. ಮುಂದೆ ಅರಮನೆಯಲ್ಲಿ ಪ್ರಭಾವ ಬೀರಿದ ಸಾಧು ರಾಸ್ಪುಟಿನ್ ರಾಜದಂಪತಿಯನ್ನು ಮೊದಲು ಕಂಡದ್ದು 1905ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಅರಮನೆ ದೃಶ್ಯಗಳಲ್ಲಿ ಅವನಿರಕೂಡದು.