ಎರಡು ಡಿರೇಲರ್ ಪಕ್ಕಪಕ್ಕ ಇಟ್ಟು ತೋರಿಸಿದವರಿಗೆ

ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ಹಾಗಾಗಿ ಎಲ್ಲರೆದುರು ಇಲ್ಲೇ ನಿಮಗೆ ಮನಸಾರೆ ಧನ್ಯವಾದ ಹೇಳುತ್ತಿದ್ದೇನೆ.

ನನ್ನ ರೋಡ್ ಬೈಕಿಗೆ (ರಸ್ತೆಯ ಸೈಕಲ್) ಏರು ಹತ್ತಲು ಹಗುರವಾದ ಗೇರ್ ಬೇಕಿತ್ತು. 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅದರ ದೊಡ್ಡ ಚಕ್ರಕ್ಕೆ 34 ಹಲ್ಲು), ಅದಕ್ಕೊಪ್ಪುವ ಮೌಂಟನ್ ಬೈಕ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಯಾವುದು ಎಂದು ವಿಚಾರಿಸಿದೆ. ನೀವು ಮೊದಲು ಕೇಳಿದ್ದು ಶಿಫ್ಟರ್, ಅಂದರೆ ಕೇಬಲ್ ಎಳೆಯುವ ಗೇರ್ ಲಿವರ್ ಬಗ್ಗೆ. ಶಿಮಾನೊ ಕಂಪನಿಯ 10 ಸ್ಪೀಡ್ (ಹಿಂದೆ ಹತ್ತು ಗೇರ್) ಎಂದೆ.

ಆಗ ನೀವು ಎರಡು ಹಳೆಯ ಮೌಂಟನ್ ಡಿರೇಲರ್‌ಗಳನ್ನು ಹೊರತೆಗೆದು, ಎರಡರ ಕೇಬಲನ್ನೂ ಒಂದೇ ಅಳತೆಗೆ ಎಳೆದಿರಿ. 9 ಸ್ಪೀಡಿನದು ಜಾಸ್ತಿ ಸರಿಯಿತು, 10 ಸ್ಪೀಡಿನದು ಕಡಿಮೆ. ಕೇಬಲ್ 1 ಮಿ.ಮೀ. ಎಳೆದರೆ ಮೊದಲನೆಯದು ಸುಮಾರು 1.7 ಮಿ.ಮೀ. ಸರಿಯುತ್ತದೆ, ಎರಡನೆಯದು 1.2. ನನ್ನ ರೋಡ್ ಶಿಫ್ಟರಿಗೆ ಬೇಕಾದದ್ದು ಆ 1.7. ಅಂದರೆ 10 ಸ್ಪೀಡ್ ರೋಡ್ ಶಿಫ್ಟರಿಗೆ 10 ಸ್ಪೀಡ್ ಮೌಂಟನ್ ಡಿರೇಲರ್ ಕೂಡುವುದಿಲ್ಲ, 9 ಸ್ಪೀಡಿನದು ಕೂಡುತ್ತದೆ! (ಶಿಮಾನೊದ್ದೇ 10 ಸ್ಪೀಡ್ ರೋಡ್ ಗೇರ್ ಸೆಟ್ ಆದ ಟಿಯಾಗ್ರಾ 4700ರ ಲೆಕ್ಕ ಮಾತ್ರ ಬೇರೆ ಎಂದೂ ಎಚ್ಚರಿಸಿದಿರಿ.) ಎಷ್ಟೋ ಓದಿದರೂ ತಲೆಗೆ ಹತ್ತದ ವಿಷಯ ಕಣ್ಣೆದುರೇ ಬಿಡಿಸಿಕೊಂಡಿತು.

ಚೈನಿನ ಉದ್ದವನ್ನೂ ಬಿಡಲಿಲ್ಲ ನೀವು. ಡಿರೇಲರ್ ಒಳಗೆ ಹಾಯಿಸದೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡಕ್ಕೂ ಸುತ್ತಿ, ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚು ಉಳಿಸಿ ಕತ್ತರಿಸಿದಿರಿ. ಡಿರೇಲರಿನ ಮೇಲಿನ ಪುಲ್ಲಿ (ಚೈನ್ ಹಾಯುವ ಪುಟ್ಟ ಚಕ್ರ) ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಉಜ್ಜದಂತೆ, ಅವೆರಡರ ಅಂತರ ಹೊಂದಿಸುವ ಬಿ-ಸ್ಕ್ರೂ ತಿರುಗಿಸುವುದನ್ನು ನನ್ನ ಕೈಯಿಂದಲೇ ಮಾಡಿಸಿದಿರಿ. ಇಷ್ಟು ತಾಳ್ಮೆಯಿಂದ ಕಲಿಸುವವರು ಅಪರೂಪ. ಈಗ ಹತ್ತೂ ಗೇರ್ ಸರಿಯಾಗಿ ಬೀಳುತ್ತಿವೆ. ನಿಮಗೆ ನಾನು ತುಂಬಾ ಋಣಿ.