1997 ಅಂತ ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಾದಂಬರಿಗಳ ಮೊದಲ ಮುದ್ರಣ ಕೂಡಿಡುವ ಹವ್ಯಾಸದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಕಾಪಿರೈಟ್ ಇಸವಿ ನೋಡಿದರೆ ಸಾಕು ಎಂದು ಬರೆದಿದ್ದು ತಪ್ಪು. ಇದೇ ಲೆಕ್ಕ ನಂಬಿ ನನ್ನ ಮೊಮ್ಮಗಳು ಆರು ಸಾವಿರ ರೂಪಾಯಿ ಕಳೆದುಕೊಂಡಿದ್ದಾಳೆ.

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಯಾರೋ ಆನ್‌ಲೈನ್‌ನಲ್ಲಿ 1997ರ ಫಸ್ಟ್ ಎಡಿಷನ್ ಅಂತ ಅವಳಿಗೆ ಮಾರಿದರು. ಇಸವಿ ಸರಿಯಾಗೇ ಇತ್ತು. ಇಪ್ಪತ್ತು ವರ್ಷ ಬಿಟ್ಟು ಅಚ್ಚು ಹಾಕಿದರೂ ಕಾಪಿರೈಟ್ ಪುಟದಲ್ಲಿ 1997 ಇದ್ದೇ ಇರುತ್ತದೆ, ಅಲ್ವಾ? ನೋಡಬೇಕಾದದ್ದು ಕೆಳಗಿನ ಅಂಕಿಗಳ ಸಾಲು. ಆ ಪುಸ್ತಕದ ಪ್ರಕಾಶಕರಾದ ಬ್ಲೂಮ್ಸ್‌ಬರಿಯವರ ಮೊದಲ ಮುದ್ರಣದಲ್ಲಿ ಅದು 10ರಿಂದ 1ರವರೆಗೆ ಇಳಿಯುತ್ತದೆ. ಮರುಮುದ್ರಣ ಆದ ಹಾಗೆ ಚಿಕ್ಕ ಅಂಕಿಗಳನ್ನು ಒಂದೊಂದಾಗಿ ತೆಗೆಯುತ್ತಾರೆ, ಬೇಕಾದಾಗ ಮುಂದಿನ ಅಂಕಿಗಳನ್ನು ಸೇರಿಸುತ್ತಾರೆ. ಉಳಿದವುಗಳಲ್ಲಿ ಚಿಕ್ಕದು ಯಾವುದೋ ಅಷ್ಟನೇ ಮುದ್ರಣ ಅದು. ಇವಳ ಪ್ರತಿಯಲ್ಲಿ ಚಿಕ್ಕದು 23.

ನಿಜವಾದ ಮೊದಲ ಮುದ್ರಣದ ರಟ್ಟಿನ ಪ್ರತಿಗಳು 500 ಮಾತ್ರ. ಅದರಲ್ಲೂ ಎಷ್ಟೋ ಲೈಬ್ರರಿಗಳಿಗೆ ಹೋದವು. 53ನೇ ಪುಟದ ಶಾಲೆಯ ಸಾಮಾನು ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿದೆ. ಹಿಂಬದಿಯ ಹೊದಿಕೆಯಲ್ಲಿ ಪುಸ್ತಕದ ಹೆಸರಿನಲ್ಲೇ ಒಂದು ಇಂಗ್ಲಿಷ್ 'ಓ' ಬಿದ್ದುಹೋಗಿದೆ. ಇಂಥ ತಪ್ಪಿರುವ ಪುಸ್ತಕ ಈಗ ಲಕ್ಷಗಟ್ಟಲೆ ಬಾಳುತ್ತದೆ. ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಾಗಿದ್ದರೆ ಬೈಗುಳ ಸಿಗುತ್ತಿತ್ತು, ಅಷ್ಟೆ. ಅಂಕಿಸಾಲನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅಮೆರಿಕದ ಪ್ರಕಾಶನ ಸಂಸ್ಥೆ ರ್‍ಯಾಂಡಮ್ ಹೌಸ್‌ನಲ್ಲಿ ಬಹಳ ಕಾಲ ಮೊದಲ ಮುದ್ರಣದ ಸಾಲೇ 2ಕ್ಕೆ ನಿಲ್ಲುತ್ತಿತ್ತು, ಜೊತೆಗೆ ಫಸ್ಟ್ ಎಡಿಷನ್ ಎಂಬ ಮಾತಿರುತ್ತಿತ್ತು.

ಕನ್ನಡದಲ್ಲಿ ಈ ತಲೆನೋವು ಅಷ್ಟಾಗಿ ಇಲ್ಲ. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿದರೆ ಮುದ್ರಣ ಎಷ್ಟನೆಯದು, ಪ್ರತಿಗಳು 1000, ಅಳತೆ ಡೆಮಿ 1/8, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಅಂತ ಜಾತಕವೇ ಸಿಗುತ್ತದೆ. ಆ ಪುಟ ಹರಿದಿದ್ದರೆ ಒಪ್ಪೋಲೆ, ಅಂದರೆ ಅಚ್ಚಿನ ತಪ್ಪುಗಳನ್ನು ತಿದ್ದಿ ಕೊಟ್ಟ ಪಟ್ಟಿ, ಹುಡುಕಿ. ನಾನು ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದ ಕಾಲದಲ್ಲಿ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ವಾಪಸ್ ಅಕ್ಷರದ ಗೂಡುಗಳಿರುವ ಕೇಸಿಗೆ ಹಾಕುತ್ತಿದ್ದೆವು. ಮರುಮುದ್ರಣ ಅಂದರೆ ಮತ್ತೆ ಮೊದಲಿನಿಂದ ಜೋಡಣೆ. ಹಳೇ ತಪ್ಪು ಹೋಗಿ ಹೊಸ ತಪ್ಪು ಬರುತ್ತಿತ್ತು. 1974ರಲ್ಲಿ ನಾನು ಜೋಡಿಸಿದ ಒಂದು ಕಾದಂಬರಿಯಲ್ಲಿ ಸೊನ್ನೆ ಬಿಟ್ಟುಹೋಗಿ ಶಾಂತಮ್ಮ ಒಂದು ಪುಟದುದ್ದಕ್ಕೂ ಶಾತಮ್ಮ ಆಗಿದ್ದರು. ತಪ್ಪು ನನ್ನದೇ. ಕೊನೆಗೆ ಒಪ್ಪೋಲೆಯ ಚೀಟಿ ಅಂಟಿಸಿದೆವು. ಶಾತಮ್ಮ ಇರುವ ಪ್ರತಿ ಸಿಕ್ಕರೆ ಅದು ಮೊದಲ ಮುದ್ರಣವೇ, ಚೀಟಿ ಉದುರಿಹೋಗಿದ್ದರೂ.

ಅದೇ ಕಾದಂಬರಿಯನ್ನು ಈಗ ಬೇರೆ ಪ್ರಕಾಶಕರು ತಂದಿದ್ದಾರೆ. ಕಾಗದ, ಮುಖಪುಟ ಎಲ್ಲ ಸೊಗಸಾಗಿದೆ. ಒಳಗೆ ಮಾತ್ರ 'ಮೊದಲ ಮುದ್ರಣ: 2021' ಎಂದಿದೆ! ಅವರಿಗೆ ಅದು ಮೊದಲನೆಯದೇ ಇರಬಹುದು. ಆದರೆ ನಾಳೆ ಓದುವ ಹುಡುಗರು ಅದು 2021ರಲ್ಲಿ ಬರೆದದ್ದು ಅಂದುಕೊಳ್ಳುವುದಿಲ್ಲವೇ? ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟೆ. 'ನಮ್ಮಲ್ಲಿ ಮೊದಲ ಮುದ್ರಣ' ಅಂತ ಹಾಕಿ, ಅದರ ಮೇಲೆ ಹಿಂದಿನ ಮುದ್ರಣಗಳ ಇಸವಿಗಳನ್ನೂ ಕೊಡಿ. ಜಾಸ್ತಿ ಜಾಗ ಬೇಡ, ಎರಡು ಸಾಲು ಸಾಕು.

– ನಿವೃತ್ತ ಕಂಪೋಸಿಟರ್, ಮೈಸೂರು